ಗಲ್ಫ್ ಕಂಪನಿ ಕೊಟ್ಟ ಸಂಬಳದ ಸರ್ಟಿಫಿಕೇಟನ್ನು ಹಾಸನದ ಬ್ಯಾಂಕು ಏಕೆ ಒಪ್ಪುತ್ತಿಲ್ಲ?

ನೀವು ಕೇಳಿರುವುದು ಇಷ್ಟು: ದುಬೈಯಲ್ಲಿ ನಾಲ್ಕು ವರ್ಷದಿಂದ ಕೆಲಸದಲ್ಲಿದ್ದೀರಿ, ಹಾಸನದ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಲು ಗೃಹಸಾಲ ಕೇಳಿದ್ದೀರಿ, ಕಂಪನಿಯ ಸಂಬಳದ ಸರ್ಟಿಫಿಕೇಟನ್ನು ಬ್ಯಾಂಕಿನವರು ಎರಡು ಸಲ ಹಿಂತಿರುಗಿಸಿದ್ದಾರೆ. ಹೊಸ ಪತ್ರದಲ್ಲಿ ಏನು ಬರೆಸಬೇಕು, ಅದೇ ಪತ್ರ ಹೆಂಡತಿಯ ವೀಸಾಕ್ಕೂ ನಡೆಯುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ನಾನು ಹಾಸನದವನು. ಶಾರ್ಜಾದ ಒಂದು ಕಟ್ಟಡ ಗುತ್ತಿಗೆ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಒಂಬತ್ತು ವರ್ಷ ಇದ್ದೆ; ಇಂಥ ಪತ್ರಗಳನ್ನು ಟೈಪ್ ಮಾಡಿ ಮ್ಯಾನೇಜರರ ಸಹಿಗೆ ಇಡುವುದು ನನ್ನ ಕೆಲಸಗಳಲ್ಲಿ ಒಂದಾಗಿತ್ತು.

ಮೊದಲು ಬ್ಯಾಂಕಿನವರ ಕಷ್ಟವನ್ನು ಅರ್ಥ ಮಾಡಿಕೊಳ್ಳಿ. ಊರಿನಲ್ಲಿ ನೌಕರಿ ಮಾಡುವವನು ಫಾರ್ಮ್ 16, ಅಂದರೆ ಸಂಬಳ ಮತ್ತು ಅದರಲ್ಲಿ ಕಡಿತವಾದ ತೆರಿಗೆಯ ಪ್ರಮಾಣಪತ್ರ, ತೋರಿಸುತ್ತಾನೆ, ಆದಾಯ ತೆರಿಗೆಯ ರಿಟರ್ನ್ಸ್ ತೋರಿಸುತ್ತಾನೆ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಸಂಬಳದ ಮೇಲೆ ಆದಾಯ ತೆರಿಗೆಯೇ ಇಲ್ಲದ ಕಾರಣ ನಿಮ್ಮ ಗಳಿಕೆಗೆ ಸರ್ಕಾರದ ಮೊಹರು ಬಿದ್ದ ವಾರ್ಷಿಕ ದಾಖಲೆ ಯಾವುದೂ ಇರುವುದಿಲ್ಲ. ಆದ್ದರಿಂದ ಸಾಲದ ಅಧಿಕಾರಿ ಕಂಪನಿಯ ಪತ್ರ, ಕಾರ್ಮಿಕ ಒಪ್ಪಂದ, ಸಂಬಳ ಜಮಾ ಆಗುವ ಅಲ್ಲಿನ ಖಾತೆಯ ಸ್ಟೇಟ್‌ಮೆಂಟ್, ಊರಿನ ಎನ್‌ಆರ್‌ಇ ಖಾತೆಯ (ವಿದೇಶದ ಗಳಿಕೆಯನ್ನು ಹಾಕಲು ಅನಿವಾಸಿಗಳು ಭಾರತದಲ್ಲಿ ತೆರೆಯುವ ಖಾತೆ) ಸ್ಟೇಟ್‌ಮೆಂಟ್, ಈ ನಾಲ್ಕನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಓದುತ್ತಾನೆ. ಪತ್ರ ತಾನಾಗಿ ಏನನ್ನೂ ಸಾಬೀತು ಮಾಡುವುದಿಲ್ಲ. ಉಳಿದ ಮೂರು ಕಾಗದಗಳು ಹೇಳುವುದನ್ನೇ ಅದೂ ಹೇಳಿದರೆ ಮಾತ್ರ ಅದಕ್ಕೆ ಬೆಲೆ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. 2016ರಲ್ಲಿ ಸಾಲಗಾಮೆ ರಸ್ತೆಯ ಕಡೆ ಮನೆ ಕಟ್ಟಲು ಹೊರಟಾಗ ನನ್ನ ಒಪ್ಪಂದದ ಸಂಬಳ ಮೂಲ ವೇತನ, ವಸತಿ ಭತ್ಯೆ, ಸಾರಿಗೆ ಭತ್ಯೆ ಎಲ್ಲ ಸೇರಿ 4,000 ದಿರ್ಹಂ ಇತ್ತು. ಹೆಚ್ಚುವರಿ ಗಂಟೆಗಳ ಲೆಕ್ಕಕ್ಕೆ ತಿಂಗಳಿಗೆ ಸುಮಾರು 800 ದಿರ್ಹಂ ನಗದಾಗಿ ಕೈಗೆ ಬರುತ್ತಿತ್ತು. ಸಾಲದ ಮೊತ್ತ ಸ್ವಲ್ಪ ಹೆಚ್ಚಲಿ ಎಂಬ ಆಸೆಯಿಂದ, ಮ್ಯಾನೇಜರರ ಒಪ್ಪಿಗೆ ಪಡೆದು, ಒಟ್ಟು ವೇತನ 4,800 ಎಂದು ನನ್ನ ಪತ್ರವನ್ನು ನಾನೇ ಟೈಪ್ ಮಾಡಿದೆ. ಊರಿನ ಬ್ಯಾಂಕಿನ ಅಧಿಕಾರಿ ಆರು ತಿಂಗಳ ಸ್ಟೇಟ್‌ಮೆಂಟಿನಲ್ಲಿ 4,000 ಜಮಾ ಆದ ಆರು ಸಾಲುಗಳಿಗೂ ಪೆನ್ಸಿಲಿನಲ್ಲಿ ಸುತ್ತು ಹಾಕಿ, "ಪತ್ರ ಹೇಳೋದೊಂದು, ಖಾತೆ ಹೇಳೋದೊಂದು, ಯಜಮಾನ್ರೇ" ಎಂದು ಅಪ್ಪನ ಮುಂದೆ ಇಟ್ಟರಂತೆ. ನಾನು ಸುಳ್ಳು ಹೇಳಿರಲಿಲ್ಲ, ಆದರೆ ನಿಜವೆಂದು ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಸರಿಪಡಿಸಿದ ಎರಡನೆಯ ಪತ್ರ ಕಳಿಸಿದಾಗ, ಒಂದೇ ಕಂಪನಿಯಿಂದ ಒಂದೇ ತಿಂಗಳಲ್ಲಿ ಎರಡು ಮೊತ್ತದ ಎರಡು ಪತ್ರಗಳು ಬಂದದ್ದೇ ಹೊಸ ಅನುಮಾನವಾಯಿತು. ವಿವರಣೆ, ಮರುವಿವರಣೆಗಳಲ್ಲಿ ಎರಡು ತಿಂಗಳು ಕಳೆದು, ಜೂನ್ ಮಳೆ ಹಿಡಿದು, ತೋಡಿಸಿದ್ದ ಪಾಯದ ಗುಂಡಿಗಳಲ್ಲಿ ನೀರು ನಿಂತಿತು. ಹಾಗಾಗಿ ನಗದಾಗಿ ಸಿಗುವ ಹಣವನ್ನು, ಅದು ಎಷ್ಟೇ ನಿಯಮಿತವಾಗಿದ್ದರೂ, ಪತ್ರದಲ್ಲಿ ಸೇರಿಸಬೇಡಿ. ಅದನ್ನೂ ಖಾತೆಗೇ ಹಾಕಿಸಿಕೊಳ್ಳಲು ಸಾಧ್ಯವಾದರೆ ಆರು ತಿಂಗಳು ಹಾಕಿಸಿಕೊಂಡು, ಆಮೇಲೆ ಪತ್ರ ಬರೆಸಿ.

ನಿಮ್ಮ ಪತ್ರ "ಸಂಬಂಧಪಟ್ಟವರಿಗೆ" ಎಂದು ಶುರುವಾಗಿ, ಒಟ್ಟು ಸಂಬಳ ಒಂದನ್ನೇ ಹೇಳಿ ಮುಗಿದಿದೆ ಎಂದು ಬರೆದಿದ್ದೀರಿ. ಅದು ವಾಪಸಾಗಲು ಇಷ್ಟೇ ಸಾಕು. ಬ್ಯಾಂಕಿನ ಹೆಸರು, ಶಾಖೆಯ ಹೆಸರು ಹಾಕಿ ಅವರಿಗೇ ಬರೆಸಿ. ಪಾಸ್‌ಪೋರ್ಟ್ ಸಂಖ್ಯೆ, ಕೆಲಸಕ್ಕೆ ಸೇರಿದ ದಿನಾಂಕ, ಹುದ್ದೆ ಇರಲಿ, ಆ ಹುದ್ದೆ ಕಾರ್ಮಿಕ ಒಪ್ಪಂದದಲ್ಲಿ ಇರುವಂತೆಯೇ ಇರಲಿ. ಒಪ್ಪಂದದಲ್ಲಿ "ಸಹಾಯಕ" ಎಂದಿದ್ದು ಪತ್ರದಲ್ಲಿ "ಮೇಲ್ವಿಚಾರಕ" ಎಂದಾದರೆ, ನೀವು ನಿಜವಾಗಿಯೂ ಮೇಲ್ವಿಚಾರಣೆ ಮಾಡುತ್ತಿದ್ದರೂ ಅದು ಉಪಯೋಗಕ್ಕಿಂತ ತೊಂದರೆಯನ್ನೇ ತರುತ್ತದೆ. ಮೂಲ ವೇತನ ಮತ್ತು ಪ್ರತಿಯೊಂದು ಭತ್ಯೆ ಬೇರೆ ಬೇರೆ ಸಾಲಿನಲ್ಲಿ ಇರಬೇಕು. ಮೊತ್ತ ದಿರ್ಹಂನಲ್ಲಿ ಮಾತ್ರ ಇರಲಿ: ದಿರ್ಹಂ ಡಾಲರಿಗೆ 3.6725ರ ದರದಲ್ಲಿ ಕಟ್ಟಿಕೊಂಡಿದೆ, ರೂಪಾಯಿ ಹಾಗಿಲ್ಲ, ಆದ್ದರಿಂದ ಕಂಪನಿ ಬರೆದ ರೂಪಾಯಿ ಲೆಕ್ಕ ಪತ್ರ ಬ್ಯಾಂಕು ತಲುಪುವಷ್ಟರಲ್ಲಿ ತಪ್ಪಾಗಿರುತ್ತದೆ.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೆ ನಾನು ಹೆಚ್ಚು ಕಂಡ ತೊಡಕು ಅದೇ. ವೀಸಾ ಒಂದು ಕಂಪನಿಯದು, ದುಡಿಮೆ ಇನ್ನೊಂದು ಕಂಪನಿಯ ಸೈಟಿನಲ್ಲಿ ಎಂಬಂಥ ಸ್ಥಿತಿಯಲ್ಲಿ ನಮ್ಮ ಕಡೆಯ ಅನೇಕರಿದ್ದಾರೆ. ಪರಿಚಯದ ಮ್ಯಾನೇಜರ್ ಎಂದು ದುಡಿಯುವ ಜಾಗದಿಂದ ಪತ್ರ ತಂದರೆ ಪ್ರಯೋಜನವಿಲ್ಲ. ವೀಸಾ ಯಾರದೋ, ಖಾತೆಗೆ ಸಂಬಳ ಹಾಕುವವರು ಯಾರೋ, ಪತ್ರ ಅವರ ಲೆಟರ್‌ಹೆಡ್‌ನಲ್ಲೇ ಬರಬೇಕು. ಸಂಬಳ ಬ್ಯಾಂಕ್ ಖಾತೆಗಲ್ಲದೆ ಕಾರ್ಡಿಗೆ ಬರುತ್ತಿದ್ದರೆ, ಆ ಕಾರ್ಡು ಕೊಟ್ಟ ಸಂಸ್ಥೆಯಿಂದ ಜಮಾ ವಿವರವನ್ನು ಮೊಹರು ಸಮೇತ ಪಡೆದಿಟ್ಟುಕೊಳ್ಳಿ.

ಸಹಿ ಮಾಡಿದವರ ಹೆಸರು, ಕಂಪನಿಯ ಸೀಲು, ಸ್ಥಿರ ದೂರವಾಣಿ, ಕಂಪನಿಯದೇ ಇ-ಮೇಲ್ ವಿಳಾಸ ಪತ್ರದಲ್ಲಿ ಕಾಣಬೇಕು. ಬ್ಯಾಂಕಿನವರು ಅಲ್ಲಿಗೆ ಬರೆದು ವಿಚಾರಿಸುತ್ತಾರೆ, ಕೆಲವೊಮ್ಮೆ ಫೋನ್ ಮಾಡುತ್ತಾರೆ. ಹಾಸನದಲ್ಲಿ ಹತ್ತು ಗಂಟೆಯಾದಾಗ ಅಲ್ಲಿ ಎಂಟೂವರೆ. ಶಾಖೆ ತೆರೆದ ಕೂಡಲೇ ಮಾಡಿದ ಕರೆಯನ್ನು ಎತ್ತಲು ನಮ್ಮ ಕಚೇರಿಯಲ್ಲಿ ಯಾರೂ ಇರುತ್ತಿರಲಿಲ್ಲ, "ಸಂಪರ್ಕಕ್ಕೆ ಸಿಗಲಿಲ್ಲ" ಎಂದು ಕಡತದಲ್ಲಿ ಬರೆದು ಮುಗಿಸುತ್ತಿದ್ದರು. ಮಧ್ಯಾಹ್ನದ ಮೇಲೆ ಕರೆ ಮಾಡಿ ಎಂದು ಮೊದಲೇ ಹೇಳಿಡಿ, ಇತ್ತ ಎಚ್.ಆರ್. ಅವರಿಗೂ ಇಂಥ ಬ್ಯಾಂಕಿನಿಂದ ವಿಚಾರಣೆ ಬರಬಹುದೆಂದು ತಿಳಿಸಿ. ಪತ್ರವನ್ನು ಕೇಳುವಾಗಲೂ ಖಾಲಿ ಕೈಯಲ್ಲಿ ಹೋಗಬೇಡಿ. ಬೇಕಾದ ವಿವರಗಳನ್ನೆಲ್ಲ ತುಂಬಿದ ಕರಡು ಕೊಟ್ಟರೆ ಅದೇ ದಿನ ಸಹಿಯಾಗುತ್ತದೆ, ಇಲ್ಲವಾದರೆ ಕಂಪ್ಯೂಟರಿನಲ್ಲಿರುವ ಹಳೆಯ ನಮೂನೆಗೆ ನಿಮ್ಮ ಹೆಸರು ಸೇರಿಸಿ ಕೊಡುತ್ತಾರೆ. ನಾನೂ ಹಾಗೆಯೇ ಕೊಡುತ್ತಿದ್ದೆ. ಕರಡಿನ ಮೇಲೆ "ಸ್ಯಾಲರಿ ಸರ್ಟಿಫಿಕೇಟ್" ಎಂದು ಸ್ಪಷ್ಟವಾಗಿರಲಿ, ಏಕೆಂದರೆ "ಸ್ಯಾಲರಿ ಟ್ರಾನ್ಸ್‌ಫರ್ ಲೆಟರ್" ಎಂಬುದು ಬೇರೆಯೇ: ಸಂಬಳವನ್ನು ಇಂಥ ಬ್ಯಾಂಕಿಗೇ ಹಾಕುತ್ತೇವೆ ಎಂದು ಕಂಪನಿ ಅಲ್ಲಿನ ಬ್ಯಾಂಕಿಗೆ ಒಪ್ಪಿಕೊಡುವ ಪತ್ರ ಅದು. ಊರಿನ ಸಾಲಕ್ಕೆ ಅದು ಬೇಕಾಗುವುದಿಲ್ಲ, ಅದನ್ನು ಕೇಳಿದರೆ ಎಚ್.ಆರ್. ಅವರು ಹಿಂಜರಿಯುವುದೂ ಸಹಜ.

ಭಾರತೀಯ ಕಾನ್ಸುಲೇಟಿನ ದೃಢೀಕರಣ ಸಂಬಳದ ಪತ್ರಕ್ಕೆ ಬೇಕೇ ಎಂಬುದನ್ನು ಬ್ಯಾಂಕಿನಿಂದ ಇ-ಮೇಲ್‌ನಲ್ಲಿ ಬರೆಸಿಕೊಳ್ಳಿ, ಬಾಯಿಮಾತಿನ ಮೇಲೆ ಓಡಾಡಬೇಡಿ. ಕಾನ್ಸುಲೇಟಿನಲ್ಲಿ ಖಂಡಿತ ಮಾಡಿಸಬೇಕಾದದ್ದು ಊರಿನಲ್ಲಿ ನಿಮ್ಮ ಪರವಾಗಿ ಸಹಿ ಹಾಕುವವರಿಗೆ ಕೊಡುವ ಅಧಿಕಾರಪತ್ರ, ಅಂದರೆ ಜಿಪಿಎ. ಅದು ಕರ್ನಾಟಕಕ್ಕೆ ತಲುಪಿದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಹಾಗೆಯೇ, ನಿಮ್ಮ ಸೈಟು ಕೃಷಿ ಭೂಮಿಯಿಂದ ವಸತಿಗೆ ಭೂಪರಿವರ್ತನೆ ಆಗಿರುವುದೇ ಎಂದು ಒಮ್ಮೆ ನೋಡಿಕೊಳ್ಳಿ. ಪಿತ್ರಾರ್ಜಿತವಾಗಿ ಬಂದರೆ ಸರಿ, ಆದರೆ ಅನಿವಾಸಿಯಾಗಿರುವಾಗ ಕೃಷಿ ಭೂಮಿಯನ್ನಾಗಲಿ ಕಾಫಿ ತೋಟವನ್ನಾಗಲಿ ಕೊಳ್ಳಲು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯಡಿ ಅವಕಾಶವಿಲ್ಲ.

ಹೆಂಡತಿಯ ವೀಸಾಕ್ಕೆ ಬೇರೆ ಪತ್ರವನ್ನೇ ಪಡೆಯಿರಿ, ಬ್ಯಾಂಕಿನ ಹೆಸರಿಗೆ ಬರೆದದ್ದು ಅಲ್ಲಿ ನಡೆಯುವುದಿಲ್ಲ. ಅಲ್ಲಿ ನೋಡುವುದು ತಿಂಗಳಿಗೆ 4,000 ದಿರ್ಹಂ ಸಂಬಳವಿದೆಯೇ, ಅಥವಾ 3,000 ದಿರ್ಹಂ ಜೊತೆಗೆ ವಸತಿ ಇದೆಯೇ ಎಂಬುದನ್ನು. ಕಂಪನಿಯೇ ಮನೆ ಕೊಟ್ಟಿದ್ದರೆ ಆ ಒಂದು ಸಾಲನ್ನು ಪತ್ರದಲ್ಲಿ ಮರೆಯದೆ ಬರೆಸಿ. ಆದರೆ ಎರಡೂ ಪತ್ರಗಳಲ್ಲಿ ಸಂಬಳದ ಅಂಕಿಗಳು ಒಂದೇ ಆಗಿರಲಿ.