ಹಳೇ ಸಂಬಳ ನೋಡಿ ಹೊಸ ಸಂಬಳ ಕಟ್ಟೋದು ಸರೀನಾ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಕಲಬುರಗಿಯವಳು. ಬಿ.ಕಾಂ. ಮುಗಿಸಿ ಐದು ವರ್ಷದಿಂದ ಇಲ್ಲೇ ಒಂದು ದಾಲ್ ಮಿಲ್‌ನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ಟ್ಯಾಲಿ, ಜಿಎಸ್‌ಟಿ ರಿಟರ್ನ್, ಅಡತಿ ಅಂಗಡಿಗಳ ಬಾಕಿ ಎಲ್ಲಾ ನಾನೇ. ಸಂಬಳ 14,000. ಈಗ ಬೆಂಗಳೂರಿನ ಒಂದು ಕಂಪನಿಯ ಇಂಟರ್‌ವ್ಯೂನಲ್ಲಿ ಪಾಸಾಗಿದ್ದೇನೆ. ಎಚ್‌ಆರ್ ಮೂರು ತಿಂಗಳ ಸ್ಯಾಲರಿ ಸ್ಲಿಪ್ ತರಿಸಿಕೊಂಡು 'ಇದರ ಮೇಲೆ 30 ಪರ್ಸೆಂಟ್ ಹೈಕ್ ಕೊಡ್ತೀವಿ' ಅಂದರು. ಅಂದರೆ 18,200. ಅಲ್ಲಿ ಅದೇ ಕೆಲಸಕ್ಕೆ ಉಳಿದವರಿಗೆ 28,000 ಇದೆಯಂತೆ, ಗೆಳತಿಯೊಬ್ಬಳು ಹೇಳಿದಳು. ಹಳೇ ಸಂಬಳ ಜಾಸ್ತಿ ಅಂತ ಸುಳ್ಳು ಹೇಳಬೇಕಿತ್ತಾ?

ಉತ್ತರ: ಸುಳ್ಳು ಬೇಡ ತಂಗಿ. ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16, ಪಿಎಫ್ ಪಾಸ್‌ಬುಕ್ ಯಾವುದರಲ್ಲಾದರೂ ಸಿಕ್ಕಿಬೀಳುತ್ತೀರಿ, ಸೇರಿದ ಮೇಲೆ ಗೊತ್ತಾದರೂ ಕೆಲಸ ಹೋಗುತ್ತದೆ. ಆದರೆ ನಿಮ್ಮ ಸಿಟ್ಟು ನ್ಯಾಯವಾದದ್ದೇ. ನಿಮ್ಮ 14,000 ಕಲಬುರಗಿಯ ದರ, ನಿಮ್ಮ ಕೆಲಸದ ಬೆಲೆ ಅಲ್ಲವೇ ಅಲ್ಲ. ಮನೆಯಲ್ಲಿದ್ದುಕೊಂಡು ದುಡಿಯುವ 14,000ಕ್ಕಿಂತ ಬೆಂಗಳೂರಿನಲ್ಲಿ 18,200ರಲ್ಲಿ ಪಿಜಿ, ಊಟ, ಬಸ್ಸು ಅಂತ ಕಳೆದ ಮೇಲೆ ಉಳಿಯುವುದು ಕಮ್ಮಿಯೇ ಆಗಬಹುದು. ಎಪಿಎಂಸಿಯಲ್ಲಿ ತೊಗರಿ ಕೊಳ್ಳುವವರು ರೈತನಿಗೆ ಹೋದ ವರ್ಷ ಎಷ್ಟು ಸಿಕ್ಕಿತ್ತು ಅಂತ ಕೇಳುತ್ತಾರಾ? ಕಾಳು ನೋಡುತ್ತಾರೆ, ಅವತ್ತಿನ ದರ ನೋಡುತ್ತಾರೆ.

ನಿಮ್ಮಂಥದ್ದೇ ಒಂದು ಕೇಸು ಅಮೆರಿಕದಲ್ಲಿ ನಡೆದಿದೆ. ಐಲೀನ್ ರೀಜೊ ಅನ್ನೋ ಗಣಿತದ ಶಿಕ್ಷಕಿ ಅರಿಜೋನಾದಿಂದ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಕೌಂಟಿಗೆ ಕೆಲಸಕ್ಕೆ ಬಂದರು. ಅಲ್ಲಿಯ ರೂಲ್ ಪ್ರಕಾರ ಹಳೇ ಸಂಬಳಕ್ಕೆ 5 ಪರ್ಸೆಂಟ್ ಸೇರಿಸಿ ಹೊಸ ಸಂಬಳ ಕಟ್ಟಿದರು. 2012ರಲ್ಲಿ ಹೊಸದಾಗಿ ಸೇರಿದ ಒಬ್ಬ ಗಂಡಸಿಗೆ ತನಗಿಂತ ಜಾಸ್ತಿ ಸಿಗುತ್ತಿದೆ ಅಂತ ಅವರಿಗೆ ಗೊತ್ತಾಯಿತು. ಕೋರ್ಟಿಗೆ ಹೋದರು. ವರ್ಷಗಟ್ಟಲೆ ಓಡಾಡಿದ ಮೇಲೆ 2020ರಲ್ಲಿ ಅಲ್ಲಿಯ ಮೇಲ್ಮನವಿ ಕೋರ್ಟು, ಹಿಂದಿನ ಸಂಬಳವನ್ನು ಮುಂದಿಟ್ಟುಕೊಂಡು ಹೆಂಗಸರಿಗೆ ಕಮ್ಮಿ ಕೊಡೋದನ್ನು ಸಮರ್ಥಿಸಿಕೊಳ್ಳುವಂತಿಲ್ಲ ಅಂತ ಹೇಳಿತು. ಹೆಣ್ಣುಮಕ್ಕಳಿಗೆ ಒಂದು ಕಡೆ ಕಮ್ಮಿ ಕೊಟ್ಟರೆ ಆ ಕಮ್ಮಿಯೇ ಮುಂದಿನ ಕೆಲಸಕ್ಕೂ, ಅದರ ಮುಂದಿನದಕ್ಕೂ ಹಿಂಬಾಲಿಸುತ್ತದೆ. ಮದುವೆ, ಹೆರಿಗೆ ಅಂತ ನಡುವೆ ಕೆಲಸ ಬಿಟ್ಟು ಮತ್ತೆ ಸೇರಿದವರ ಕಥೆ ಇನ್ನೂ ಕಷ್ಟ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2018ರಿಂದ, ಆಫರ್ ಕೊಡುವ ಮೊದಲು ಹಳೇ ಸಂಬಳ ಕೇಳುವುದೇ ಕಾನೂನಿಗೆ ವಿರುದ್ಧ. ನಮ್ಮಲ್ಲಿ ಅಂಥ ನಿಷೇಧ ಇಲ್ಲ. ಒಂದೇ ಕೆಲಸಕ್ಕೆ ಗಂಡು ಹೆಣ್ಣು ಅಂತ ಸಂಬಳದಲ್ಲಿ ಭೇದ ಮಾಡಬಾರದು ಅನ್ನೋ 1976ರ ಕಾಯ್ದೆಯ ಮಾತು 2019ರ ವೇತನ ಸಂಹಿತೆಯಲ್ಲೂ ಇದೆ, ಅಷ್ಟೇ.

ಈಗ ಮಾಡಬೇಕಾದದ್ದು. ಇನ್ನೂ ಸಹಿ ಹಾಕಬೇಡಿ. ಎಚ್‌ಆರ್‌ಗೆ ಮೇಲ್ ಹಾಕಿ, 'ಈ ಹುದ್ದೆಗೆ ನೀವು ಇಟ್ಟಿರುವ ಬಜೆಟ್ ಎಷ್ಟು? ನನ್ನ ನಿರೀಕ್ಷೆ 26ರಿಂದ 28 ಸಾವಿರ' ಅಂತ ನೇರವಾಗಿ ಕೇಳಿ. ಜೊತೆಗೆ ತೊಗರಿ ಸೀಸನ್ನಿನಲ್ಲಿ ಒಬ್ಬರೇ ಎಷ್ಟು ಬಿಲ್ಲು, ಎಷ್ಟು ಪಾವತಿ ನಿಭಾಯಿಸಿದ್ದೀರಿ ಅನ್ನೋದನ್ನು ಲೆಕ್ಕ ಸಮೇತ ಬರೆಯಿರಿ. ಗೆಳತಿ ಹೇಳಿದ್ದು ಅಂತ ಬರೆಯಬೇಡಿ. ಅವರು ಒಂದು ಮೊತ್ತ ಹೇಳಿದರೆ ಕೈಗೆ ಸಿಗೋದು ಎಷ್ಟು ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಯಾಕಂದ್ರೆ ಸಿಟಿಸಿಯಲ್ಲಿ, ಅಂದರೆ ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚಿನ ಲೆಕ್ಕದಲ್ಲಿ, ಕಂಪನಿ ಕಟ್ಟುವ ಪಿಎಫ್ ಕೂಡ ಸೇರಿರುತ್ತದೆ.

ಪ್ರಶ್ನೆ: ಬೀದರ್‌ನ ಕೊಳಾರ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನದೊಂದು ಸಣ್ಣ ಯೂನಿಟ್ ಇದೆ. ಹಳೇ ಸಂಬಳ ಕೇಳದೆ ಎಷ್ಟು ಕೊಡಬೇಕು ಅಂತ ನನಗೆ ಹೇಗೆ ಗೊತ್ತಾಗಬೇಕು ಮೇಡಂ?

ಉತ್ತರ: ಕೆಪಿಎಸ್‌ಸಿ ನೋಟಿಫಿಕೇಶನ್ ನೋಡಿದ್ದೀರಲ್ವಾ? ಹುದ್ದೆಯ ಪಕ್ಕದಲ್ಲೇ ವೇತನ ಶ್ರೇಣಿ ಇರುತ್ತದೆ, ಅರ್ಜಿ ಹಾಕುವವರಿಗೆ ಮೊದಲೇ ಗೊತ್ತಿರುತ್ತದೆ. ನೀವೂ ಜಾಹೀರಾತಿನಲ್ಲೇ '16ರಿಂದ 20 ಸಾವಿರ, ಅನುಭವ ನೋಡಿ' ಅಂತ ಹಾಕಿ. ಮೊತ್ತ ಕಟ್ಟುವ ಮೊದಲು ಈಗ ನಿಮ್ಮಲ್ಲಿ ಅದೇ ಕೆಲಸ ಮಾಡುವವರಿಗೆ ಎಷ್ಟಿದೆ ನೋಡಿ, ಅಕ್ಕಪಕ್ಕದ ಯೂನಿಟ್‌ನವರನ್ನು ವಿಚಾರಿಸಿ. ಕೆಲಸ ಬರುತ್ತದೋ ಇಲ್ಲವೋ ಅನ್ನೋದಕ್ಕೆ ಸ್ಲಿಪ್ ಬೇಡ, ಅರ್ಧ ದಿನ ಮೆಷಿನ್ ಮೇಲೆ ನಿಲ್ಲಿಸಿ, ಆ ಅರ್ಧ ದಿನದ ಕೂಲಿ ಕೊಟ್ಟು ಕಳಿಸಿ. ಅಷ್ಟು ಮೊತ್ತಕ್ಕೆ ಬರಲ್ಲ ಅನ್ನುವವರು ಜಾಹೀರಾತು ಓದಿಯೇ ಸುಮ್ಮನಾಗುತ್ತಾರೆ, ನಿಮ್ಮ ಟೈಮೂ ಉಳಿಯುತ್ತದೆ.