ಫೆರಾರಿಗಳೆಲ್ಲ ಒಂದೇ ಮನೆತನದವರೇ?

ಪ್ರಶ್ನೆ: ಗಣಿತದ ಚತುರ್ಘಾತ ಸಮೀಕರಣ (x⁴ ಇರುವ ಸಮೀಕರಣ) ಬಿಡಿಸಿದ ಲೊಡೊವಿಕೊ ಫೆರಾರಿ ಇಟಲಿಯ ಬೊಲೋನ್ಯಾದವರು, ಕಾರು ಕಟ್ಟಿದ ಎಂಜೊ ಫೆರಾರಿ ಪಕ್ಕದ ಮೊದೆನಾದವರು. ಇಬ್ಬರೂ ಒಂದೇ ವಂಶದವರೇ? ಅದನ್ನು ಪತ್ತೆ ಮಾಡುವುದು ಹೇಗೆ?

ಉತ್ತರ: ಅಡ್ಡಹೆಸರು ಒಂದೇ, ಊರುಗಳ ನಡುವೆ ಸುಮಾರು 40 ಕಿ.ಮೀ. ಅಷ್ಟೇ. ಆದರೂ ಇವೆರಡನ್ನು ನಂಬಿ ನಂಟು ಕಟ್ಟಬೇಡಿ. ಕಬ್ಬಿಣಕ್ಕೆ ಲ್ಯಾಟಿನ್‌ನಲ್ಲಿ ‘ಫೆರ್ರುಮ್’ ಎನ್ನುತ್ತಾರೆ. ಫೆರಾರಿ ಎಂದರೆ ಕಮ್ಮಾರರ ಮನೆಯವರು. ಊರೂರಿನಲ್ಲೂ ಕಮ್ಮಾರರಿದ್ದರು, ಹೆಸರೂ ಊರೂರಿನಲ್ಲಿ ಬೇರೆ ಬೇರೆಯಾಗಿಯೇ ಹುಟ್ಟಿತು. ನಮ್ಮ ಉತ್ತರ ಕರ್ನಾಟಕದಲ್ಲಿ ಕಮ್ಮಾರ, ಬಡಿಗೇರ ಎಂಬ ಅಡ್ಡಹೆಸರುಗಳು ಬಂದದ್ದೂ ಹೀಗೆಯೇ. ನುಟೆಲ್ಲಾ ಮಾಡುವ ಫೆರ್ರೆರೊ ಮನೆತನದ ಹೆಸರಿಗೂ ಇದೇ ಮೂಲ.

ಲೊಡೊವಿಕೊ (1522–1565) ಬೊಲೋನ್ಯಾದಲ್ಲಿ ಹುಟ್ಟಿದರೂ ಅವರ ಅಜ್ಜ ಬಾರ್ತೊಲೊಮೆಯೊ ಮಿಲಾನ್ ಬಿಟ್ಟು ಬಂದವರು. ಎಂಜೊ (1898–1988) ಅವರ ತಂದೆ ಆಲ್ಫ್ರೆದೊ ಕಾರ್ಪಿ ಎಂಬ ಊರಿನವರು. ಮೊದೆನಾದಲ್ಲಿ ಲೋಹದ ಕೆಲಸದ ಕಾರ್ಖಾನೆ ನಡೆಸುತ್ತಿದ್ದರು, ಹೆಸರಿಗೆ ತಕ್ಕ ಕಸುಬು! ಅಂದರೆ ಒಂದು ಜಾಡು ಮಿಲಾನ್ ಕಡೆಗೆ, ಇನ್ನೊಂದು ಕಾರ್ಪಿ ಕಡೆಗೆ ಹೋಗುತ್ತದೆ. ಹುಟ್ಟಿದೂರಿನ ದಾಖಲೆಯಲ್ಲೇ ಹಿಂದಕ್ಕೆ ಹುಡುಕುತ್ತಾ ಹೋದವರು ಅದೇ ಹೆಸರಿನ ಬೇರೆ ಯಾರನ್ನೋ ಮುತ್ತಜ್ಜ ಮಾಡಿಕೊಳ್ಳುವುದು ಇಂಥಲ್ಲೇ.

ರಕ್ತಸಂಬಂಧ ಇದ್ದೂ ಹೆಸರು ಬೇರೆ ಇರಬಹುದು. ಎಂಜೊ ಅವರ ಮಗ ಪಿಯೆರೊ, ಹುಟ್ಟಿದ್ದು 1945ರಲ್ಲಿ, ಬಹುಕಾಲ ತಾಯಿಯ ‘ಲಾರ್ದಿ’ ಹೆಸರಿನಲ್ಲೇ ಇದ್ದರು. ಸಂಗೀತ ಸಂಯೋಜಕ ಎರ್ಮಾನೊ ವೋಲ್ಫ್-ಫೆರಾರಿ (1876–1948) ಅವರ ತಂದೆ ಜರ್ಮನ್ ಚಿತ್ರಕಾರ. ಫೆರಾರಿ ಎಂಬುದು ತಾಯಿಯ ಕಡೆಯದು.

ಹುಡುಕುವುದಾದರೆ ಮೊದಲು ಊರು ಗೊತ್ತಾಗಬೇಕು, ಏಕೆಂದರೆ ಇಟಲಿಯಲ್ಲಿ ಜನನ ಮರಣದ ದಾಖಲೆ ಇರುವುದು ಆಯಾ ಊರಿನ ಪುರಸಭೆಯಲ್ಲಿ. ಏಕೀಕೃತ ಇಟಲಿಯ ನಾಗರಿಕ ನೋಂದಣಿ ಶುರುವಾದದ್ದು 1866ರಲ್ಲಿ. ಸರಕಾರಿ ಪತ್ರಾಗಾರಗಳ ‘ಅಂತೆನಾತಿ’ ಜಾಲತಾಣದಲ್ಲಿ ಅನೇಕ ಪುಸ್ತಕಗಳ ಪುಟಗಳನ್ನು ಪುಕ್ಕಟೆಯಾಗಿ ನೋಡಬಹುದು. ಇನ್ನೂ ಹಿಂದಕ್ಕೆ ಹೆಚ್ಚಾಗಿ ಚರ್ಚಿನ ಪುಸ್ತಕಗಳೇ ಗತಿ. ದೀಕ್ಷಾಸ್ನಾನ, ಮದುವೆ ಬರೆದಿಡಬೇಕೆಂದು ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಪರಿಷತ್ತು (ಧರ್ಮಗುರುಗಳ ಸಭೆ) ಕಡ್ಡಾಯ ಮಾಡಿದ್ದು 1563ರಲ್ಲಿ. ಲೊಡೊವಿಕೊ ಹುಟ್ಟಿದ್ದು ಅದಕ್ಕೂ 41 ವರ್ಷ ಮೊದಲು ಎಂಬುದು ನೆನಪಿರಲಿ.

ಜನನ ಪತ್ರದಲ್ಲೇ ನಿಲ್ಲಬೇಡಿ, ಮದುವೆಯ ಕಡತ ತೆಗೆಸಿ. ಅದರ ಲಗತ್ತುಗಳಲ್ಲಿ (ಇಟಾಲಿಯನ್‌ನಲ್ಲಿ ‘ಅಲ್ಲೆಗಾತಿ’) ವಧೂವರರ ಜನನ ಪತ್ರ, ತೀರಿಕೊಂಡ ತಂದೆತಾಯಿಯ ಮರಣ ಪತ್ರ ಸಿಗುವುದುಂಟು. ಒಂದೇ ಕಡತದಲ್ಲಿ ಎರಡು ತಲೆಮಾರು. ತಂದೆಯ ಹೆಸರಿಗೆ ಮೊದಲು ‘ದಿ’ ಎಂದಿದ್ದರೆ ಆಗ ಅವರು ಬದುಕಿದ್ದರು, ‘ಫು’ ಎಂದಿದ್ದರೆ ದಿವಂಗತರು. ಈ ಎರಡಕ್ಷರ ನೋಡಿಕೊಂಡರೆ ಒಂದೇ ಊರಿನ ಇಬ್ಬರು ‘ಜುಸೆಪ್ಪೆ ಫೆರಾರಿ’ಗಳನ್ನು ಬೇರೆ ಮಾಡಬಹುದು. ಹೆಂಗಸರು ಮದುವೆಯ ನಂತರವೂ ದಾಖಲೆಯಲ್ಲಿ ತವರಿನ ಅಡ್ಡಹೆಸರಿನಲ್ಲೇ ಇರುತ್ತಾರೆ, ಅಲ್ಲಿ ಗಂಡನ ಹೆಸರು ಹುಡುಕಿ ಪ್ರಯೋಜನವಿಲ್ಲ.

ತಾರೀಖಿನಲ್ಲೂ ಒಂದೆರಡು ದಿನ ಸಡಿಲ ಬಿಡಿ. ಎಂಜೊ ತಾವು ಹುಟ್ಟಿದ್ದು 18 ಫೆಬ್ರುವರಿ ಎನ್ನುತ್ತಿದ್ದರು. ಹಿಮ ಬಿದ್ದದ್ದರಿಂದ ನೋಂದಣಿಯಾದದ್ದು 20ಕ್ಕೆ.