ಹದಿನಾರು ಟನ್ ಕಬ್ಬಿಣ ಕಾಣೆಯಾಗುವುದು ಹೇಗೆ?

ಯಲ್ಲಾಪುರದಿಂದ ಒಂದು ಪತ್ರ ಬಂದಿದೆ. ಬರೆದವರು ಘಟ್ಟದ ದಾರಿಯಲ್ಲಿ ನಾಟಾ ಲಾರಿ ಓಡಿಸಿ ಈಗ ನಿವೃತ್ತರಾದವರು. ಕಳೆದ ಸಂಚಿಕೆಯ ಬರ್ಮಾ ಯುದ್ಧದ ಲೇಖನದಲ್ಲಿ ‘1943ರಲ್ಲಿ ಡೊನ್‌ಬೈಕ್‌ನಲ್ಲಿ ಮೂರು ಟ್ಯಾಂಕ್‌ಗಳು ಸಿಬ್ಬಂದಿ ಸಮೇತ ಕಾಣೆಯಾದವು’ ಎಂಬ ಒಂದು ಸಾಲಿತ್ತು. ಅವರು ಅದನ್ನೇ ಹಿಡಿದುಕೊಂಡಿದ್ದಾರೆ. ‘ಹದಿನಾರು ಟನ್ ಕಬ್ಬಿಣ ಕಾಣೆಯಾಗೋದು ಅಂದ್ರೆ ಏನು ಸ್ವಾಮಿ? ಒಳಗಿದ್ದವರನ್ನು ಜೊತೆಯವರು ಹೋಗಿ ಕರೆತರಲಿಲ್ವಾ? ಮೊದಲಿಗೆ ಕಾಡಿಗೆ ಟ್ಯಾಂಕ್ ಒಯ್ದದ್ದೇ ದಡ್ಡತನ ಅಲ್ವಾ?’ ಎಂದು ಕೇಳಿದ್ದಾರೆ. ಇಂಥ ಟ್ಯಾಂಕ್ ಎಲ್ಲಾದರೂ ನೋಡಲು ಸಿಗುತ್ತದೆಯೇ ಎಂದೂ ಕೊನೆಯಲ್ಲಿ ಸೇರಿಸಿದ್ದಾರೆ.

ಒಳ್ಳೆಯ ಪ್ರಶ್ನೆಗಳು. ಮೊದಲು ಜಾಗ ಹೇಗಿತ್ತು ನೋಡೋಣ.

ಡೊನ್‌ಬೈಕ್ ಇರುವುದು ಈಗಿನ ಮ್ಯಾನ್ಮಾರ್‌ನ ರಖೈನ್ ರಾಜ್ಯದಲ್ಲಿ. ಆಗ ಅದು ಅರಾಕಾನ್. ಅಲ್ಲಿ ಮಾಯು ಎಂಬ ಉದ್ದನೆಯ ಪರ್ಯಾಯ ದ್ವೀಪ. ನಟ್ಟನಡುವೆ ಕಾಡು ಮುಚ್ಚಿದ ಬೆಟ್ಟಸಾಲು, ಪಶ್ಚಿಮಕ್ಕೆ ಬಂಗಾಳ ಕೊಲ್ಲಿ. ಬೆಟ್ಟಕ್ಕೂ ಕಡಲಿಗೂ ಮಧ್ಯೆ ಗದ್ದೆ ಬಯಲಿನ ಕಿರಿದಾದ ಪಟ್ಟಿ. ಅದನ್ನು ಅಡ್ಡಡ್ಡಲಾಗಿ ಕೊರೆದುಕೊಂಡು ಹಳ್ಳಗಳು ಕಡಲಿಗೆ ಇಳಿಯುತ್ತವೆ. ಅಲ್ಲಿಯವರು ಅವನ್ನು ಚೌಂಗ್ ಎನ್ನುತ್ತಾರೆ. ದಡ ಗೋಡೆಯಂತೆ ಕಡಿದಾಗಿರುತ್ತದೆ, ಮೇಲೆ ಪೊದೆ. ಜಪಾನೀಯರು ಅಂಥ ಒಂದು ಹಳ್ಳವನ್ನೇ ಕಂದಕ ಮಾಡಿಕೊಂಡಿದ್ದರು. ಅದರ ಸುತ್ತ ದಪ್ಪ ದಿಮ್ಮಿ, ಅದರ ಮೇಲೆ ಮಣ್ಣು ಪೇರಿಸಿ ಬಂಕರ್ ಕಟ್ಟಿದ್ದರು. ಫಿರಂಗಿಯ ಶೆಲ್ ಬಿದ್ದರೂ ಅವು ಜಗ್ಗುತ್ತಿರಲಿಲ್ಲ. ಒಂದರ ಹತ್ತಿರ ಹೋದರೆ ಪಕ್ಕದ ಎರಡರಿಂದ ಗುಂಡು ಬರುತ್ತಿತ್ತು.

1943ರ ಜನವರಿ ತಿಂಗಳಿಡೀ ಬ್ರಿಟಿಷರ 14ನೇ ಇಂಡಿಯನ್ ಡಿವಿಜನ್ ಎಂಬ ದೊಡ್ಡ ಪಡೆ ಈ ಜಾಗಕ್ಕೆ ತಲೆ ಚಚ್ಚಿಕೊಂಡಿತು. ಕೊನೆಗೆ ಅದರ ಮುಖ್ಯಸ್ಥ ಜನರಲ್ ಲಾಯ್ಡ್ ಟ್ಯಾಂಕ್ ಕೇಳಿದರು. ಆಗ ಕೋರ್, ಅಂದರೆ ಹಲವು ಡಿವಿಜನ್ ಸೇರಿದ ಪಡೆಯ ಕಮಾಂಡರ್ ಆಗಿದ್ದ ಬಿಲ್ ಸ್ಲಿಮ್ ತಕರಾರು ತೆಗೆದರು. ಕಳಿಸುವುದಾದರೆ ಒಂದಿಡೀ ರೆಜಿಮೆಂಟ್ ಕಳಿಸಿ, ಅಂದರೆ ಸುಮಾರು 50 ಟ್ಯಾಂಕ್, ಇಲ್ಲದಿದ್ದರೆ ಬೇಡ ಎಂದರು. ಹೆಚ್ಚು ಬಳಸಿದಷ್ಟೂ ಕಳೆದುಕೊಳ್ಳುವುದು ಕಡಿಮೆ ಎಂಬುದು ಅವರ ಲೆಕ್ಕ. ಆದರೆ ಅರಾಕಾನ್ ವ್ಯವಹಾರ ಅವರ ಕೈಯಲ್ಲಿರಲಿಲ್ಲ, ಮೇಲಿದ್ದ ಜನರಲ್ ಇರ್ವಿನ್ ಕೈಯಲ್ಲಿತ್ತು. ಆ ಜಾಗಕ್ಕೆ ಅಷ್ಟು ಟ್ಯಾಂಕ್ ಹಿಡಿಸುವುದಿಲ್ಲ ಎಂದು ಕೊನೆಗೆ ಕಳಿಸಿದ್ದು ಎಂಟು.

ಎಂಟೂ ವ್ಯಾಲೆಂಟೈನ್ ಟ್ಯಾಂಕ್. ಮಾದರಿ ನೋಡಿಕೊಂಡು ಒಳಗೆ ಮೂರು ಅಥವಾ ನಾಲ್ಕು ಜನ. ಅವು 146ನೇ ಟ್ಯಾಂಕ್ ರೆಜಿಮೆಂಟಿನವು. ಅದರ ಮೂಲ ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಒಂದು ಪದಾತಿ ಪಡೆ. ಕಾಲಾಳುಗಳನ್ನೇ ಟ್ಯಾಂಕಿನವರನ್ನಾಗಿ ಮಾಡಿದ್ದರು. ಫೆಬ್ರವರಿ 1ರಂದು ದಾಳಿ. ಮೂರು ಟ್ಯಾಂಕ್ ಹಳ್ಳಕ್ಕೆ ಬಿದ್ದು ಅಲ್ಲೇ ಉಳಿದವು. ಉಳಿದವುಗಳಿಂದಲೂ ಬಂಕರ್ ಸಾಲು ಒಡೆಯಲಾಗಲಿಲ್ಲ.

ಈಗ ನಿಮ್ಮ ‘ಕಾಣೆ’ಯ ಪ್ರಶ್ನೆ. ದಡದಿಂದ ಕೆಳಗೆ ಬಿದ್ದ ಟ್ಯಾಂಕ್ ಈಚೆಯವರ ಕಣ್ಣಿಗೆ ಬೀಳುವುದಿಲ್ಲ. ಹಳ್ಳ ಇದ್ದದ್ದು ಜಪಾನೀಯರ ಕೈಯಲ್ಲಿ. ಫೆಬ್ರವರಿ 18ರಂದು ಇನ್ನೊಂದು ದಾಳಿ ನಡೆಯಿತು, ಮಾರ್ಚ್ 18ರಂದು ಮತ್ತೊಂದು. ಎರಡೂ ಹಳ್ಳ ದಾಟಲಿಲ್ಲ. ಮೇ ತಿಂಗಳ ಹೊತ್ತಿಗೆ ಬ್ರಿಟಿಷ್ ಸೇನೆ ಹೊರಟ ಜಾಗಕ್ಕೇ ವಾಪಸ್ಸಾಗಿತ್ತು. ಹೆಣ ನೋಡಿದವರಿಲ್ಲ, ಸೆರೆ ಸಿಕ್ಕ ಸುದ್ದಿಯಿಲ್ಲ. ಹಾಗಿದ್ದಾಗ ಸೇನೆಯ ಕಡತ ಬರೆಯುವುದು ಕಾಣೆ ಎಂದೇ. ಟ್ಯಾಂಕ್ ಎಲ್ಲಿಗೂ ಹೋಗಿರಲಿಲ್ಲ. ಹೋಗಿ ನೋಡುವವರಿಗೆ ದಾರಿ ಇರಲಿಲ್ಲ, ಅಷ್ಟೇ.

ಜಾಗ ಮತ್ತೆ ಕೈಗೆ ಬಂದದ್ದು 1944ರ ಡಿಸೆಂಬರ್ ಕೊನೆಗೆ. ಬಂದದ್ದು 25ನೇ ಇಂಡಿಯನ್ ಡಿವಿಜನ್, 1942ರಲ್ಲಿ ನಮ್ಮ ಬೆಂಗಳೂರಿನಲ್ಲೇ ಕಟ್ಟಿದ ಪಡೆ. ಕೊಡಗಿನ ತಿಮ್ಮಯ್ಯನವರು ಆಗ ಇದೇ ಡಿವಿಜನ್‌ನ ಒಂದು ಬೆಟಾಲಿಯನ್ ಮುಖ್ಯಸ್ಥರಾಗಿದ್ದರು. ಹಳ್ಳದಲ್ಲಿದ್ದ ಟ್ಯಾಂಕ್‌ಗಳ ಗತಿ ಆಗಲೇ ತಿಳಿದದ್ದು. ಸಿಬ್ಬಂದಿಯಲ್ಲಿ ಯಾರೂ ಬದುಕಿ ಹೊರಬಂದಿರಲಿಲ್ಲ.

ಯಾರೂ ಹೋಗಿ ಕರೆತರಲಿಲ್ವಾ ಎಂಬ ಮಾತಿಗೆ ಬರುತ್ತೇನೆ. ಅದೇ ಡೊನ್‌ಬೈಕ್‌ನಲ್ಲಿ, ಅದಕ್ಕೆ ಕೆಲವೇ ವಾರ ಮೊದಲು, ಒಬ್ಬರು ಹೋಗಿದ್ದರು. 8ನೇ ಪಂಜಾಬ್ ರೆಜಿಮೆಂಟಿನ ಹವಾಲ್ದಾರ್ ಪ್ರಕಾಶ್ ಸಿಂಗ್. ಅವರದು ಬ್ರೆನ್ ಕ್ಯಾರಿಯರ್. ಅದಕ್ಕೂ ಟ್ಯಾಂಕಿನ ಹಾಗೆ ಪಟ್ಟಿ ಚಕ್ರ, ಆದರೆ ಮೇಲೆ ಮುಚ್ಚಳವೇ ಇಲ್ಲದ ಹಗುರ ಗಾಡಿ. ಜನವರಿ 6ರಂದು ಎರಡು ಕ್ಯಾರಿಯರ್ ಕೆಟ್ಟು ನಿಂತವು. ಒಳಗಿದ್ದವರ ಗುಂಡು ಮುಗಿದಿತ್ತು, ಜಪಾನೀಯರು ಓಡಿ ಬರುತ್ತಿದ್ದರು. ಪ್ರಕಾಶ್ ಸಿಂಗ್ ತಮ್ಮ ಗಾಡಿ ನುಗ್ಗಿಸಿ ಎರಡರ ಸಿಬ್ಬಂದಿಯನ್ನೂ ಎತ್ತಿಕೊಂಡು ಬಂದರು. 19ರಂದು ಮತ್ತೆ ಮೂರು ಕ್ಯಾರಿಯರ್ ಕಡಲತೀರದಲ್ಲಿ ಹೊಡೆತ ತಿಂದು ನಿಂತವು. ಮತ್ತೆ ಹೋದರು. ಒಂದರಲ್ಲಿದ್ದವರನ್ನೆಲ್ಲ ಬಂದೂಕು ಸಮೇತ ತಂದರು. ಇನ್ನೊಂದರಲ್ಲಿ ಗಾಯಗೊಂಡ ಇಬ್ಬರಿದ್ದರು. ಅದಕ್ಕಾಗಿ ಗಾಡಿಯಿಂದ ಇಳಿದು, ಬಯಲು ಮರಳಿನ ಮೇಲೆ, ಗುಂಡು ಸುರಿಯುತ್ತಿರುವಾಗಲೇ, ಎಳೆಯುವ ಸರಪಳಿ ಸಿಕ್ಕಿಸಿ ಅದನ್ನು ಎಳೆಸಿಕೊಂಡು ಬಂದರು. ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಕೊಟ್ಟರು. ಲಾರಿ ಎಳೆದವರಿಗೆ ಸರಪಳಿ ಸಿಕ್ಕಿಸಲು ಎಷ್ಟು ಹೊತ್ತು ಬೇಕು ಅಂತ ಗೊತ್ತಲ್ಲ, ನಾನು ಹೇಳಬೇಕಾಗಿಲ್ಲ.

ಆ ಕ್ಯಾರಿಯರ್‌ಗಳು ನಿಂತದ್ದು ತೀರದಲ್ಲಿ, ಕಣ್ಣೆದುರಿಗೆ. ಟ್ಯಾಂಕ್ ಬಿದ್ದದ್ದು ಶತ್ರುವಿನ ಅಂಗಳದಲ್ಲಿ. ಅಲ್ಲಿಗೆ ಹೋಗಲು ಎಷ್ಟು ಧೈರ್ಯವಿದ್ದರೂ ಸಾಲದು, ಮೊದಲು ಬಂಕರ್‌ಗಳು ಬೀಳಬೇಕು.

ಅವನ್ನು ಬೀಳಿಸುವ ಸಾಮಾನು ವ್ಯಾಲೆಂಟೈನ್‌ನಲ್ಲಿ ಇರಲಿಲ್ಲ ಎಂದೇ ನನ್ನ ಅಭಿಪ್ರಾಯ. ಅದರದು ‘ಟು ಪೌಂಡರ್’ ಎಂಬ 40 ಮಿಲಿಮೀಟರ್ ತೋಪು. ಇನ್ನೊಂದು ಟ್ಯಾಂಕಿನ ಉಕ್ಕು ತೂರಲು ಮಾಡಿದ್ದು. ಹಾರಿಸುತ್ತಿದ್ದದ್ದು ಸಾಮಾನ್ಯವಾಗಿ ಗಟ್ಟಿ ಗುಂಡು, ಸಿಡಿಯುವ ಶೆಲ್ ಅಲ್ಲ. ಮಣ್ಣಿನ ಗುಡ್ಡೆಗೆ ಅದನ್ನು ಹೊಡೆದರೆ ಒಂದು ತೂತು, ಅಷ್ಟೇ. ಮೇಲಾಗಿ ಕಾಲಾಳಿಗೂ ಟ್ಯಾಂಕಿಗೂ ಒಟ್ಟಿಗೆ ತರಬೇತಿ ಆಗಿರಲಿಲ್ಲ. ನಿಮ್ಮ ಪತ್ರದಲ್ಲೇ ಬರೆದಿದ್ದೀರಿ, ಹೊಸ ಕೂಪಿನ, ಅಂದರೆ ಮರ ಕಡಿಯುವ ಜಾಗದ ದಾರಿಗೆ ಲೋಡು ಲಾರಿ ಬಿಡುವ ಮೊದಲು ಕ್ಲೀನರ್ ಇಳಿದು ಮುಂದೆ ನಡೆಯುತ್ತಾನೆ ಅಂತ. ಕಾಡಿನಲ್ಲಿ ಟ್ಯಾಂಕಿಗೆ ಕಾಲಾಳೇ ಕ್ಲೀನರ್. ಮುಚ್ಚಳ ಹಾಕಿಕೊಂಡ ಡ್ರೈವರ್‌ಗೆ ಕಾಣುವುದು ಒಂದು ಸೀಳಿನಷ್ಟು.

ಹಾಗಾಗಿ ನಿಮ್ಮ ಮೂರನೇ ಮಾತನ್ನು ನಾನು ಒಪ್ಪುವುದಿಲ್ಲ. ಕಾಡಿಗೆ ಒಯ್ದದ್ದು ದಡ್ಡತನವಲ್ಲ, ಎಂಟೇ ಒಯ್ದದ್ದು ದಡ್ಡತನ. ಮರು ವರ್ಷ ಅದೇ ಬರ್ಮಾ ಗಡಿಯಲ್ಲಿ ಲೀ ಟ್ಯಾಂಕ್‌ಗಳು ಬಂದವು. ಅವುಗಳದು 75 ಮಿಲಿಮೀಟರ್ ತೋಪು. ಕೆಲಸದ ಕ್ರಮವೂ ಬದಲಾಯಿತು. ಮೊದಲು ತಾಗಿದ ಕೂಡಲೇ ಸಿಡಿಯುವ ಶೆಲ್ ಹೊಡೆದು ಪೊದೆ ಸವರುವುದು. ಆಮೇಲೆ ಒಳಹೊಕ್ಕು ತಡವಾಗಿ ಸಿಡಿಯುವ ಶೆಲ್‌ನಿಂದ ಬಂಕರ್ ಒಡೆಯುವುದು. ಕಾಲಾಳು ಹತ್ತಿರ ಹೋದಾಗ ಚೂರು ಹಾರದ ಗಟ್ಟಿ ಗುಂಡು, ನಮ್ಮವರಿಗೇ ತಾಗಬಾರದಲ್ಲ.

1944ರ ಏಪ್ರಿಲ್ 13ರಂದು ಇಂಫಾಲ ಹತ್ತಿರದ ನುನ್‌ಷಿಗುಮ್ ಗುಡ್ಡಕ್ಕೆ ಇಂಥ ಟ್ಯಾಂಕ್‌ಗಳು ಹತ್ತಿದವು. ಆ ಏರಿನಲ್ಲಿ ಟ್ಯಾಂಕ್ ಬರುತ್ತದೆಂದು ಜಪಾನೀಯರು ಎಣಿಸಿರಲಿಲ್ಲ. ಜೊತೆಗೆ ಡೋಗ್ರಾ ಸೈನಿಕರು. ಕಿರಿದಾದ ಬೆನ್ನಿನ ಮೇಲೆ ದಾರಿ ಕಾಣಬೇಕೆಂದರೆ ಕಮಾಂಡರ್ ತಲೆ ಹೊರಗೆ ಹಾಕಲೇಬೇಕು. ಟ್ಯಾಂಕ್ ಪಡೆಯ ಅಧಿಕಾರಿಗಳೆಲ್ಲ ಹಾಗೇ ಸತ್ತರು. ಆಮೇಲೆ ಅಧಿಕಾರಿಯಲ್ಲದ ಸಾರ್ಜೆಂಟ್ ಮೇಜರ್ ಕ್ರ್ಯಾಡಕ್ ಮುಂದಾಳಾಗಿ ಡೋಗ್ರಾ ಸುಬೇದಾರರ ಜೊತೆ ಗುಡ್ಡ ಗೆದ್ದರು. ಆ ಬ್ರಿಟಿಷ್ ಟ್ಯಾಂಕ್ ದಳದ ಇಂದಿನ ವಾರಸುದಾರರು ಈಗಲೂ ನುನ್‌ಷಿಗುಮ್ ದಿನದ ಪರೇಡಿನಲ್ಲಿ ಅಧಿಕಾರಿಗಳನ್ನು ಪಕ್ಕಕ್ಕಿಟ್ಟು ಸಾರ್ಜೆಂಟ್ ಮೇಜರ್ ಕೈಗೆ ಮುಂದಾಳತ್ವ ಕೊಡುತ್ತಾರಂತೆ. ಈ ಪದ್ಧತಿ ನನಗೆ ಬಹಳ ಹಿಡಿಸಿತು.

ಕೊನೆಗೆ, ನೋಡಲು ಎಲ್ಲಿ ಸಿಗುತ್ತದೆ ಎಂದಿರಿ. ಕೊಹಿಮಾದಲ್ಲಿ ಯುದ್ಧದ ಹೊತ್ತಿಗೆ ಇಳಿಜಾರಿನಲ್ಲಿ ಜಾರಿ ನಿಂತ ಲೀ ಟ್ಯಾಂಕ್ ಸ್ಮಾರಕವಾಗಿ ಇವತ್ತಿಗೂ ಇದೆ, ಆದರೆ ಯಲ್ಲಾಪುರದಿಂದ ದೂರ ಜಾಸ್ತಿ. ಹತ್ತಿರದ್ದು ಬೇಕೆಂದರೆ ಮಹಾರಾಷ್ಟ್ರದ ಅಹಮದ್‌ನಗರಕ್ಕೆ ಹೋಗಿ. ಊರಿಗೆ ಈಗ ಅಹಿಲ್ಯಾನಗರ ಎಂದು ಹೆಸರು. ಅಲ್ಲಿನ ಸೇನೆಯ ಟ್ಯಾಂಕ್ ಮ್ಯೂಸಿಯಂನಲ್ಲಿ ವ್ಯಾಲೆಂಟೈನ್ ಒಂದಿದೆ, ಅದೇ ಕಾಲದ ಜಪಾನಿ ಟ್ಯಾಂಕ್‌ಗಳೂ ಇವೆ. ತೋಪಿನ ನಳಿಗೆ ಎಷ್ಟು ಸಣ್ಣದು ಅಂತ ನೀವೇ ನೋಡಿ, ಫೋಟೊ ತೆಗೆದು ಕಳಿಸಿ.